ಲ್ಯಾಪ್‌ಟಾಪ್ ಸಿಕ್ಕಿತು, ಸಿಮ್ ಸಿಗಲಿಲ್ಲ

ನಿರಾಶ್ರಿತರಿಗೆ ಕಂಪ್ಯೂಟರ್ ವಿದ್ಯೆಯನ್ನು ಪುಕ್ಕಟೆಯಾಗಿ ಕಲಿಸುವ ಶಾಲೆಗಳು ಯುರೋಪಿನಲ್ಲಿ ಒಂದರ ಹಿಂದೊಂದು ಹುಟ್ಟಿಕೊಂಡು ಹತ್ತು ವರ್ಷವಾಗುತ್ತ ಬಂತು. 2015ರಲ್ಲಿ ಜರ್ಮನಿಯೊಂದಕ್ಕೇ ಸುಮಾರು 8.9 ಲಕ್ಷ ಜನ ಆಶ್ರಯ ಬೇಡಿ ಬಂದಿದ್ದರು. ಸಿರಿಯಾ, ಅಫ್ಘಾನಿಸ್ತಾನ, ಇರಾಕ್‌ನವರೇ ಹೆಚ್ಚು. ರೈತರು, ದರ್ಜಿಗಳು, ಅಂಗಡಿ ಇಟ್ಟುಕೊಂಡಿದ್ದವರು ಇದ್ದಂತೆಯೇ ಓದು ಅರ್ಧಕ್ಕೆ ನಿಂತ ಎಂಜಿನಿಯರಿಂಗ್ ವಿದ್ಯಾರ್ಥಿಗಳೂ ಅವರಲ್ಲಿದ್ದರು. ಡೆನ್ಮಾರ್ಕ್ ಮೂಲದ ಆ್ಯನ್ ಕೇರ್ ರೀಶರ್ಟ್ ಆ ವರ್ಷ ಬರ್ಲಿನ್ನಿನ ಆಶ್ರಯ ಶಿಬಿರವೊಂದಕ್ಕೆ ಹೋದಾಗ ಇರಾಕಿನ ಯುವಕನೊಬ್ಬ ಸಿಕ್ಕ. ಕಂಪ್ಯೂಟರ್ ವಿಜ್ಞಾನ ಓದಿದವನು. ಕೈಯಲ್ಲಿ ಲ್ಯಾಪ್‌ಟಾಪ್ ಇಲ್ಲದೆ ಪ್ರೋಗ್ರಾಂ ಬರೆಯುವ ರೂಢಿಯೇ ತಪ್ಪಿಹೋಗಿತ್ತು. ಅದೇ ಊರಿನ ಕಂಪನಿಗಳು ಪ್ರೋಗ್ರಾಂ ಬರೆಯುವವರು ಸಿಗುತ್ತಿಲ್ಲವೆಂದು ಗೋಳಾಡುತ್ತಿದ್ದವು. ಈ ಇಬ್ಬರನ್ನೂ ಒಂದೆಡೆ ಕೂಡಿಸುವ ಆಸೆಯಿಂದ 2016ರ ಆರಂಭದಲ್ಲಿ ಬರ್ಲಿನ್ನಿನಲ್ಲಿ ‘ರೆಡಿ ಸ್ಕೂಲ್’ ಶುರುವಾಯಿತು.

ಅದೇ ವರ್ಷ ಆಮ್‌ಸ್ಟರ್‌ಡ್ಯಾಮಿನಲ್ಲಿ ‘ಹ್ಯಾಕ್ ಯುವರ್ ಫ್ಯೂಚರ್’, ಬ್ರಿಟನ್ನಿನಲ್ಲಿ ‘ಕೋಡ್ ಯುವರ್ ಫ್ಯೂಚರ್’ ಹುಟ್ಟಿದವು. 2017ರಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ ‘ಪವರ್‌ಕೋಡರ್ಸ್’ ಬಂತು. ಈ ಎಲ್ಲ ಶಾಲೆಗಳಿಗೂ ಒಂದು ಹೋಲಿಕೆಯಿದೆ. ಪಾಠ ಹೇಳುವವರು ವೃತ್ತಿಯ ಮೇಷ್ಟ್ರುಗಳಲ್ಲ. ಕಂಪನಿಯಲ್ಲಿ ದುಡಿದು ಬಿಡುವಿನ ವೇಳೆ ಕಲಿಸಲು ಬರುವ ಸಾಫ್ಟ್‌ವೇರ್ ಕೆಲಸಗಾರರು. ಆಮ್‌ಸ್ಟರ್‌ಡ್ಯಾಮಿನ ಶಾಲೆಯಲ್ಲಿ ತರಗತಿ ನಡೆಯುವುದು ಭಾನುವಾರ. ಬ್ರಿಟನ್ನಿನ ಶಾಲೆ ಪಾಠದ ಜತೆಗೆ ಬಸ್ ಖರ್ಚು, ಮಕ್ಕಳನ್ನು ನೋಡಿಕೊಳ್ಳುವ ಖರ್ಚು, ಲ್ಯಾಪ್‌ಟಾಪ್, ಇಂಟರ್ನೆಟ್‌ಗೂ ನೆರವು ಕೊಡುತ್ತ ಬಂದಿದೆ. ಬರ್ಲಿನ್ನಿನವರು ಮಹಿಳೆಯರಿಗೆಂದೇ ಬೇರೆ ತರಗತಿ ತೆರೆದು, ತಾಯಂದಿರು ಕಲಿಯುವಷ್ಟು ಹೊತ್ತು ಕೂಸುಗಳನ್ನು ನೋಡಿಕೊಳ್ಳುವ ಏರ್ಪಾಟು ಮಾಡಿದರು. ಸ್ವಿಟ್ಜರ್ಲೆಂಡಿನವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮೂರು ತಿಂಗಳ ಕಲಿಕೆ ಮುಗಿದ ಕೂಡಲೇ ಕಂಪನಿಯೊಂದರಲ್ಲಿ ಕೆಲವು ತಿಂಗಳ ಕೆಲಸದ ತರಬೇತಿ ಸಿಗುವಂತೆ ಮೊದಲೇ ಮಾತಾಡಿಕೊಂಡರು.

ಈ ಶಾಲೆಗಳು ಎಲ್ಲಿ ಗೆದ್ದವು ಎಂದು ನೋಡುತ್ತ ಹೋದರೆ ಪಠ್ಯಕ್ರಮ ದೊಡ್ಡ ಕಾರಣವಾಗಿ ಕಾಣುವುದಿಲ್ಲ. ಜಾವಾಸ್ಕ್ರಿಪ್ಟ್ ಕಲಿಸುವ ವಿಡಿಯೊಗಳು ಯೂಟ್ಯೂಬಿನಲ್ಲಿ ಬೇಕಾದಷ್ಟಿವೆ. ಅಲ್ಲಿ ಸಿಗದೆ ಇಲ್ಲಿ ಸಿಕ್ಕಿದ್ದು ಪರಿಚಯ. ಹೊಸ ದೇಶಕ್ಕೆ ಬಂದಿಳಿದವನಿಗೆ ಅಲ್ಲಿನ ಕಂಪನಿಯೊಳಗೆ ಒಬ್ಬನಾದರೂ ಗೊತ್ತಿರುವವನು ಬೇಕು. ಅರ್ಜಿ ಹೀಗೆ ಬರಿ, ಸಂದರ್ಶನದಲ್ಲಿ ಇದನ್ನು ಕೇಳುತ್ತಾರೆ, ನಮ್ಮಲ್ಲಿ ಒಂದು ಜಾಗ ಖಾಲಿಯಿದೆ ಎಂದು ಹೇಳುವವನು ಬೇಕು. ಭಾನುವಾರದ ಮೇಷ್ಟ್ರು ಆ ಕೆಲಸ ಮಾಡಿದ. ಭಾಷೆಯ ತೊಡಕು, ಒಂಟಿತನ, ದಿನವಿಡೀ ಶಿಬಿರದ ಗೋಡೆ ನೋಡುತ್ತ ಕೂರುವ ಬೇಸರ, ಇವಕ್ಕೆಲ್ಲ ವಾರಕ್ಕೊಂದು ದಿನದ ತರಗತಿಯೇ ಮದ್ದಾಯಿತು. ಹೀಗೆ ಕಲಿತು ಪ್ರೋಗ್ರಾಮರ್ ಆದವರ ಬದುಕು ಬದಲಾದದ್ದು ನಿಜ. ಅವರಲ್ಲಿ ಕೆಲವರು ಮರಳಿ ಅದೇ ಶಾಲೆಗೆ ಕಲಿಸಲು ಬಂದಿದ್ದಾರೆ. ಈ ಸಾಧನೆಯನ್ನು ನಾನು ಚಿಕ್ಕದು ಮಾಡಲಾರೆ.

ಆದರೆ ಬಾಗಿಲು ಕಿರಿದು. ಇಂಗ್ಲಿಷ್ ಬರಬೇಕು, ತರ್ಕದ ಪ್ರವೇಶ ಪರೀಕ್ಷೆ ದಾಟಬೇಕು, ತಿಂಗಳುಗಟ್ಟಲೆ ಸಂಬಳವಿಲ್ಲದೆ ಓದಲು ಅನುಕೂಲವಿರಬೇಕು. ಊರಿನಲ್ಲಿ ಆಗಲೇ ಒಂದಿಷ್ಟು ಓದಿದ್ದವರು, ಹೆಂಡತಿ ಮಕ್ಕಳ ಹೊಣೆ ಇಲ್ಲದ ಯುವಕರು ಸುಲಭವಾಗಿ ಒಳಗೆ ಬಂದರು. ನಲವತ್ತೈದರ ದರ್ಜಿಗೆ, ಓದು ಬರಹವಿಲ್ಲದ ತಾಯಿಗೆ ಅಲ್ಲಿ ಜಾಗವಿರಲಿಲ್ಲ. 2022ರಿಂದೀಚೆಗೆ ಸಾಫ್ಟ್‌ವೇರ್ ಕಂಪನಿಗಳು ಜನರನ್ನು ತೆಗೆಯತೊಡಗಿದ ಮೇಲೆ ಹೊಸಬರ ಕೆಲಸವೇ ಮೊದಲು ಕಡಿತಗೊಂಡದ್ದರಿಂದ, ಆರೆಂಟು ತಿಂಗಳು ಕಲಿತರೆ ನೌಕರಿ ಎಂಬ ಭರವಸೆಯೂ ಹಿಂದಿನಷ್ಟು ಗಟ್ಟಿಯಾಗಿ ಉಳಿದಿಲ್ಲ.

ಬಾಗಿಲು ಅಗಲವಾಗಲಿ ಎಂದು ಹೊರಟವರು ಆನ್‌ಲೈನ್ ಕಲಿಕೆಯ ಕಡೆ ನೋಡಿದರು. 2015ರಲ್ಲಿ ಬರ್ಲಿನ್ನಿನಲ್ಲೇ ಆರಂಭವಾದ ‘ಕಿರೋನ್’ ಸಂಸ್ಥೆಯ ಕನಸು ದೊಡ್ಡದಿತ್ತು. ನಿರಾಶ್ರಿತ ವಿದ್ಯಾರ್ಥಿ ಎಲ್ಲಿಂದಲಾದರೂ ಅಂತರ್ಜಾಲದಲ್ಲಿ ಓದು ಶುರು ಮಾಡಲಿ, ಕಾಗದಪತ್ರ ಸರಿಹೋದ ಮೇಲೆ ವಿಶ್ವವಿದ್ಯಾಲಯ ಸೇರಿ ಪದವಿ ಮುಗಿಸಲಿ ಎಂಬುದು ಅದರ ಯೋಜನೆ. 2016ರ ಜೂನ್‌ನಲ್ಲಿ ‘ಕೋರ್ಸೆರಾ’ ಎಂಬ ಆನ್‌ಲೈನ್ ಕಲಿಕೆಯ ತಾಣ ತನ್ನ ಪಾಠಗಳನ್ನು ನಿರಾಶ್ರಿತರಿಗೆ ಉಚಿತವಾಗಿ ತೆರೆದಿಟ್ಟಿತು. ಹೆಸರು ನೋಂದಾಯಿಸಿದವರ ಪಟ್ಟಿ ಉದ್ದವಾಯಿತು. ಕಿರೋನ್ ಮೂಲಕ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದವರು ಮಾತ್ರ ಅದರಲ್ಲಿ ಚಿಕ್ಕದೊಂದು ಪಾಲು. ಇದಕ್ಕೆ ನಿರಾಶ್ರಿತರನ್ನು ದೂರುವಂತಿಲ್ಲ. ಎಂಐಟಿ ಮತ್ತು ಹಾರ್ವರ್ಡ್ ನಡೆಸಿದ ಮುಕ್ತ ಆನ್‌ಲೈನ್ ಪಾಠಗಳನ್ನು 2017-18ರಲ್ಲಿ ಸೇರಿದವರ ಪೈಕಿ ಕೊನೆ ಮುಟ್ಟಿದವರು ಶೇ 3ರಷ್ಟು ಎಂದು 2019ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನ ಹೇಳುತ್ತದೆ. ಸ್ವಂತ ಕೋಣೆ, ಸ್ವಂತ ಕಂಪ್ಯೂಟರ್ ಇದ್ದವರ ಪಾಡೇ ಹೀಗಿರುವಾಗ, ಹಂಚಿಕೊಂಡ ಫೋನಿನಲ್ಲಿ, ಗದ್ದಲದ ಡೇರೆಯಲ್ಲಿ ಓದುವವರಿಂದ ಹೆಚ್ಚಿನದನ್ನು ಬಯಸುವುದು ಅನ್ಯಾಯ. ಎದುರಿಗೆ ಕೂತು ಹೇಳಿಕೊಡುವ ಒಬ್ಬರು ಇಲ್ಲದ ಕಡೆ ಪಾಠ ಉಚಿತವಾದರೂ ಕಲಿಕೆ ಕುಂಟುತ್ತದೆ.

   

ಯುರೋಪಿನ ಚಿತ್ರ ಇದು. ಆದರೆ ಪ್ರಪಂಚದ ನಿರಾಶ್ರಿತರು ಹೆಚ್ಚಾಗಿ ಯುರೋಪಿನಲ್ಲಿಲ್ಲ. 2024ರ ಕೊನೆಗೆ ಯುದ್ಧ, ಹಿಂಸೆ, ಕಿರುಕುಳಕ್ಕೆ ಮನೆ ಬಿಟ್ಟವರ ಸಂಖ್ಯೆ 12.32 ಕೋಟಿ. ಗಡಿ ದಾಟಿ ನಿರಾಶ್ರಿತರಾದವರು ಅವರಲ್ಲಿ 4.27 ಕೋಟಿ. ನಿರಾಶ್ರಿತರ ನಾಲ್ಕರಲ್ಲಿ ಸುಮಾರು ಮೂರು ಪಾಲು ಇರುವುದು ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ. ಡಿಜಿಟಲ್ ತರಬೇತಿಯ ನಿಜವಾದ ಒರೆಗಲ್ಲು ಅಲ್ಲಿಯೇ ಇದೆ.

ಕೀನ್ಯಾದ ವಾಯವ್ಯ ಮೂಲೆಯ ಟರ್ಕಾನಾ ಬಿಸಿಲು ನಾಡಿನಲ್ಲಿ ಕಾಕುಮಾ ಎಂಬ ಶಿಬಿರವಿದೆ. ಸುಡಾನಿನ ಯುದ್ಧದಿಂದ ಓಡಿಬಂದ ಹುಡುಗರಿಗಾಗಿ 1992ರಲ್ಲಿ ಎಬ್ಬಿಸಿದ ಡೇರೆಗಳು ಇವತ್ತು ಪಕ್ಕದ ಕಲೋಬೆಯಿ ನೆಲೆಯೂ ಸೇರಿ ಸುಮಾರು 3 ಲಕ್ಷ ಜನರ ಊರಾಗಿ ಬೆಳೆದಿವೆ. ಅಲ್ಲಿಯೇ ಹುಟ್ಟಿ, ಅಲ್ಲಿಯೇ ಶಾಲೆ ಮುಗಿಸಿ, ಅಲ್ಲಿಯೇ ಮಕ್ಕಳನ್ನು ಹೆತ್ತವರಿದ್ದಾರೆ. ಸುತ್ತ ನೂರಾರು ಕಿಲೋಮೀಟರ್ ದೂರದವರೆಗೆ ಹೇಳಿಕೊಳ್ಳುವಂಥ ಉದ್ಯೋಗವಿಲ್ಲ. ಹೀಗಿರುವಾಗ ಅಂತರ್ಜಾಲದ ಮೂಲಕ ದೂರದ ಗಿರಾಕಿಗೆ ಕೆಲಸ ಮಾಡಿಕೊಡುವುದು ಅಲ್ಲಿನ ಯುವಕರಿಗೆ ಎಂಥ ಆಸೆ ಹುಟ್ಟಿಸೀತು ಎಂಬುದನ್ನು ಊಹಿಸಬಹುದು. ಇಂಟರ್‌ನ್ಯಾಷನಲ್ ಟ್ರೇಡ್ ಸೆಂಟರ್ ಮತ್ತು ನಾರ್ವೆಯ ನಿರಾಶ್ರಿತರ ಮಂಡಳಿ ಕೂಡಿ ಅಲ್ಲಿ ಮತ್ತು ಅದೇ ದೇಶದ ದಾದಾಬ್ ಶಿಬಿರದಲ್ಲಿ ಬರವಣಿಗೆ, ವಿನ್ಯಾಸ, ಅನುವಾದ, ಮಾರುಕಟ್ಟೆ ಕೆಲಸಗಳನ್ನು ಕಲಿಸಿದವು. ಕಲಿತವರು ಕೆಲಸ ಹಿಡಿದದ್ದೂ ಉಂಟು. ಆಮೇಲೆ ಎದುರಾದ ತೊಡಕುಗಳು ಬೇರೆ ಥರದವು. ಕೆಲಸ ಕೊಡುವ ಜಾಲತಾಣ ಗುರುತಿನ ಚೀಟಿ ಕೇಳುತ್ತದೆ. ನಿರಾಶ್ರಿತರ ಚೀಟಿಯನ್ನು ಅದು ಒಪ್ಪುವುದು ಖಾತ್ರಿಯಿಲ್ಲ. ದುಡ್ಡು ಬರಬೇಕಾದರೆ ಬ್ಯಾಂಕ್ ಖಾತೆ ಅಥವಾ ಮೊಬೈಲಿನಲ್ಲೇ ಹಣ ಪಡೆಯುವ ಎಂ-ಪೇಸಾ ಬೇಕು. ಎಂ-ಪೇಸಾಗೆ ಸಿಮ್ ಬೇಕು. ಸಿಮ್‌ಗೆ ಮತ್ತೆ ಗುರುತಿನ ಚೀಟಿ. ಗಿರಾಕಿಯನ್ನು ಕಾಣಲು ನೈರೋಬಿಗೆ ಹೋಗೋಣವೆಂದರೆ ಶಿಬಿರ ಬಿಡಲು ಅನುಮತಿ ಪತ್ರ ಬೇಕು. ಕೀನ್ಯಾ 2021ರಲ್ಲಿ ಹೊಸ ನಿರಾಶ್ರಿತರ ಕಾಯ್ದೆ ತಂದು ದುಡಿಯುವ ಹಕ್ಕಿನ ಮಾತಾಡಿದೆ. ಕಾಗದದ ಮೇಲಿನ ಹಕ್ಕು ಕಾಕುಮಾದ ಗಲ್ಲಿಗೆ ತಲುಪುವ ನಡಿಗೆ ನಿಧಾನ. 2025ರಲ್ಲಿ ವಿದೇಶಿ ನೆರವು ಕುಸಿದು ಅಲ್ಲಿ ಪಡಿತರವನ್ನೇ ಕಡಿತ ಮಾಡಿದರು. ಹಸಿದ ಹೊಟ್ಟೆಯಲ್ಲಿ ಯಾರೂ ವೆಬ್ ವಿನ್ಯಾಸ ಕಲಿಯಲಾರರು.

ಜೋರ್ಡಾನಿನ ಕಥೆ ಕಾನೂನಿನ ಇನ್ನೊಂದು ಮುಖ ತೋರಿಸುತ್ತದೆ. 2016ರ ಒಪ್ಪಂದದಂತೆ ಆ ದೇಶ ಸಿರಿಯಾದವರಿಗೆ 2 ಲಕ್ಷ ಕೆಲಸದ ಅವಕಾಶ ತೆರೆಯಲು ಒಪ್ಪಿತು, ಬದಲಿಗೆ ಐರೋಪ್ಯ ಒಕ್ಕೂಟ ಅದರ ಸರಕಿಗೆ ರಿಯಾಯಿತಿ ಕೊಟ್ಟಿತು. ಪರವಾನಗಿ ಸಿಕ್ಕಿದ್ದು ಬಹುಪಾಲು ಕೃಷಿ, ಕಟ್ಟಡ, ಕಾರ್ಖಾನೆ ಕೆಲಸಕ್ಕೆ. ಎಂಜಿನಿಯರಿಂಗ್‌ನಂಥ ಹಲವು ವೃತ್ತಿಗಳು ವಿದೇಶಿಯರಿಗೆ ಮುಚ್ಚಿಯೇ ಇದ್ದವು. ಲೆಬನಾನ್ ಸಿರಿಯಾದವರನ್ನು ಕೃಷಿ, ಕಟ್ಟಡ, ನೈರ್ಮಲ್ಯ ಎಂಬ ಮೂರು ಕ್ಷೇತ್ರಗಳಿಗೆ ಕಟ್ಟಿಹಾಕಿತು. ಹಾಗಿದ್ದೂ ಎರಡೂ ದೇಶಗಳಲ್ಲಿ ನಿರಾಶ್ರಿತ ಯುವಕರಿಗೆ ಕೋಡಿಂಗ್ ಕಲಿಸುವ ಕಾರ್ಯಕ್ರಮಗಳು ಸಾಲುಸಾಲಾಗಿ ನಡೆದವು. ಕಲಿಸುವ ಮುನ್ನ ಈ ದೇಶದಲ್ಲಿ ಇವರು ಈ ಕೆಲಸ ಮಾಡಲು ಕಾನೂನು ಬಿಡುತ್ತದೆಯೇ ಎಂದು ಕೇಳಬೇಕಿತ್ತು. ಕೇಳಿದವರು ಕಡಿಮೆ. ಪ್ರಮಾಣಪತ್ರ ಹಿಡಿದು ಮತ್ತೆ ಗಾರೆ ಕೆಲಸಕ್ಕೆ ಹೋಗಬೇಕಾದ ಹುಡುಗನ ನಿರಾಸೆಗೆ ಯಾವ ವಾರ್ಷಿಕ ವರದಿಯಲ್ಲೂ ಅಂಕಣವಿಲ್ಲ.

ಬಾಂಗ್ಲಾದೇಶದ ಕಾಕ್ಸ್ ಬಜಾರಿನ ಕಥೆ ಇನ್ನೂ ಕಠೋರ. ಮ್ಯಾನ್ಮಾರಿನಿಂದ ಓಡಿಬಂದ ರೋಹಿಂಗ್ಯಾ ಜನ ತುಂಬಿರುವ ಅಲ್ಲಿನ ಶಿಬಿರಗಳಲ್ಲಿ 2019ರ ಸೆಪ್ಟೆಂಬರಿನಲ್ಲಿ ಸರ್ಕಾರವೇ ವೇಗದ ಮೊಬೈಲ್ ಇಂಟರ್ನೆಟ್ ನಿಲ್ಲಿಸಿತು, ಸಿಮ್ ಮಾರಾಟ ತಡೆಯಿತು. ಸಂಪರ್ಕ ಮರಳಿದ್ದು 2020ರ ಆಗಸ್ಟಿನಲ್ಲಿ. ಕೊರೊನಾ ಬಂದು, ರೋಗದ ಮಾಹಿತಿ ಎಲ್ಲರ ಫೋನಿಗೂ ತಲುಪಬೇಕಿದ್ದ ಕಾಲವದು. ಅವರ ಭಾಷೆಗಾಗಿ ರೂಪಿಸಿದ ಹನೀಫಿ ಲಿಪಿ ಯುನಿಕೋಡ್ ಸೇರಿದ್ದೇ 2018ರಲ್ಲಿ. ತನ್ನ ಲಿಪಿ ಫೋನಿನಲ್ಲಿ ಮೂಡಲು ಇಷ್ಟು ಕಾದ ಸಮುದಾಯಕ್ಕೆ, ಮೂಡಿದ ಮರುವರ್ಷವೇ ಸಂಪರ್ಕ ತಪ್ಪಿತು.

ಇದಕ್ಕೆ ಎದುರಾದ ಉದಾಹರಣೆಗಳೂ ಇವೆ, ಅವು ಧೈರ್ಯ ಕೊಡುತ್ತವೆ. ಉಗಾಂಡದಲ್ಲಿ 2006ರ ಕಾಯ್ದೆಯೇ ನಿರಾಶ್ರಿತರಿಗೆ ದುಡಿಯುವ ಮತ್ತು ಓಡಾಡುವ ಹಕ್ಕು ಕೊಟ್ಟಿದೆ. ಸಿಮ್ ಪಡೆಯುವ ನಿಯಮವನ್ನು 2019ರಲ್ಲಿ ಸಡಿಲಿಸಿ, ನಿರಾಶ್ರಿತರ ಕೈಯಲ್ಲಿರುವ ಬೇರೆ ದಾಖಲೆಗಳೂ ನಡೆಯುತ್ತವೆ ಎಂದರು. ಕೊಲಂಬಿಯ 2021ರಲ್ಲಿ ವೆನೆಜುವೆಲಾದಿಂದ ಬಂದವರಿಗೆ ಹತ್ತು ವರ್ಷದ ರಕ್ಷಣೆ ಘೋಷಿಸಿ ಗುರುತಿನ ಚೀಟಿ ಕೊಟ್ಟಿತು. ಆ ಒಂದು ಚೀಟಿಯಿಂದ ಬ್ಯಾಂಕು, ಆಸ್ಪತ್ರೆ, ನೌಕರಿಯ ದಾರಿ ತೆರೆಯಿತು. ‘ಸೇನಾ’ ಎಂಬ ಅಲ್ಲಿನ ಸರ್ಕಾರಿ ವೃತ್ತಿ ತರಬೇತಿ ಸಂಸ್ಥೆ 1957ರಿಂದ ನಡೆಯುತ್ತಿದೆ, ಅದರ ತರಗತಿಗಳಿಗೆ ಶುಲ್ಕವಿಲ್ಲ. ಕಾಗದ ಸರಿಯಿದ್ದ ವೆನೆಜುವೆಲಾದವರು ಕೊಲಂಬಿಯದವರ ಪಕ್ಕದಲ್ಲೇ ಕೂತು ಅಲ್ಲಿ ಕಲಿಯಬಹುದು. ನಿರಾಶ್ರಿತರಿಗೆಂದೇ ಬೇರೆ ಶಾಲೆ ಕಟ್ಟುವುದಕ್ಕಿಂತ, ಆ ದೇಶದವರು ಓದುವ ಶಾಲೆಯ ಬೆಂಚಿನಲ್ಲೇ ಅವರಿಗೊಂದು ಜಾಗ ಕೊಡುವುದು ಹೆಚ್ಚು ಬಾಳಿಕೆ ಬರುತ್ತದೆ ಎಂದು ನನ್ನ ನಂಬಿಕೆ. ದಾನಿಗಳ ಹಣ ಮುಗಿದಾಗ ಮೊದಲನೆಯದು ಮುಚ್ಚುತ್ತದೆ, ಎರಡನೆಯದು ನಡೆಯುತ್ತಿರುತ್ತದೆ. ಕಾಗದ ಸರಿಹೋದರೆ ದಾರಿ ತೆರೆಯುತ್ತದೆ ಎಂಬುದು ಯುರೋಪಿನಲ್ಲೂ ಕಂಡಿತು. 2014ರ ನಿಯಮವೊಂದರ ಫಲವಾಗಿ ಆಶ್ರಯ ಕೋರಿದವರಿಗೂ ಸರಳ ಬ್ಯಾಂಕ್ ಖಾತೆಯ ಹಕ್ಕು ಬಂತು, ಜರ್ಮನಿ ಅದನ್ನು 2016ರ ಜೂನ್‌ನಿಂದ ಜಾರಿಗೆ ತಂದಿತು. 2022ರಲ್ಲಿ ಬಂದ ಉಕ್ರೇನಿನವರಿಗೆ ಮೊದಲ ದಿನದಿಂದಲೇ ದುಡಿಯುವ ಅವಕಾಶ ಕೊಟ್ಟರು. ಸಿರಿಯಾದವರನ್ನು, ಅಫ್ಘನ್ನರನ್ನು ತಿಂಗಳುಗಟ್ಟಲೆ ಕಾಯಿಸಿದ್ದ ಅದೇ ದೇಶಗಳು ಮನಸ್ಸು ಮಾಡಿದರೆ ಏನು ಸಾಧ್ಯ ಎಂದು ಆಗ ತೋರಿಸಿದವು.

ಶಿಬಿರದಲ್ಲಿ ಕೂತು ಮಾಡುವ ಚಿಲ್ಲರೆ ಡಿಜಿಟಲ್ ಕೂಲಿಯ ಬಗ್ಗೆಯೂ ಒಂದು ಮಾತು ಹೇಳಬೇಕು. ಚಿತ್ರಗಳಿಗೆ ಗುರುತು ಹಚ್ಚುವುದು, ದನಿ ಕೇಳಿ ಬರೆಯುವುದು, ಯಂತ್ರಬುದ್ಧಿಗೆ ಬೇಕಾದ ದತ್ತಾಂಶ ವಿಂಗಡಿಸುವುದು ಇತ್ಯಾದಿ. ದಾದಾಬ್‌ನಂಥ ಕಡೆ ಇಂಥ ಪ್ರಯತ್ನಗಳು ಶುರುವಾಗಿ ಬಹಳ ಕಾಲವಾಯಿತು. ಫಿಲ್ ಜೋನ್ಸ್ ಎಂಬ ಬ್ರಿಟಿಷ್ ಸಂಶೋಧಕ 2021ರ ತಮ್ಮ ಪುಸ್ತಕದಲ್ಲಿ ಇದನ್ನು ಕಟುವಾಗಿ ಪ್ರಶ್ನಿಸಿದ್ದಾರೆ. ಕೆಲಸದ ಖಾತ್ರಿಯಿಲ್ಲ, ಕೂಲಿ ತೀರ ಕಡಿಮೆ, ಮಾಡಿದ ಕೆಲಸವನ್ನು ತಿರಸ್ಕರಿಸಿದರೆ ಕೇಳಲು ಧಣಿಯ ಮುಖವೇ ಕಾಣದು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಅದೇ ವರ್ಷ ಹೊರತಂದ ವರದಿಯೂ ಡಿಜಿಟಲ್ ಕೆಲಸವೆಂದರೆ ತಾನಾಗಿ ಒಳ್ಳೆಯ ಕೆಲಸವಾಗುವುದಿಲ್ಲ ಎಂದು ಎಚ್ಚರಿಸಿದೆ. ಬೇರೆ ದಾರಿಯೇ ಇಲ್ಲದವನು ಒಪ್ಪಿಕೊಂಡ ಮಾತ್ರಕ್ಕೆ ಅದನ್ನು ಸ್ವಾವಲಂಬನೆ ಎಂದು ಕೊಂಡಾಡುವುದು ತಪ್ಪು.

ಇಷ್ಟೆಲ್ಲ ಚರ್ಚೆ ಕೋಡಿಂಗಿನ ಸುತ್ತ ಸುತ್ತುವಾಗ ಹಿಂದೆ ಉಳಿದದ್ದು ಸಾಮಾನ್ಯರ ದಿನನಿತ್ಯದ ಡಿಜಿಟಲ್ ಕೆಲಸ. ಅರ್ಜಿ ತುಂಬುವುದು, ಇಮೇಲ್ ತೆರೆಯುವುದು, ಪಾಸ್‌ವರ್ಡ್ ಕಾಪಾಡುವುದು, ಮಗುವಿನ ಶಾಲೆಯ ಸಂದೇಶ ಓದುವುದು, ವೈದ್ಯರ ಭೇಟಿಗೆ ಸಮಯ ಗೊತ್ತುಮಾಡುವುದು, ಮನೆಗೆ ಹಣ ಕಳಿಸುವುದು. ಫೋನಿನಲ್ಲಿ ವಿಡಿಯೊ ನೋಡಲು, ಊರಿನವರಿಗೆ ದನಿ ಸಂದೇಶ ಕಳಿಸಲು ಬರುವವರಿಗೆಲ್ಲ ಇವು ಬರುತ್ತವೆ ಎಂದು ಅಧಿಕಾರಿಗಳು ತಿಳಿಯುತ್ತಾರೆ. ಬರುವುದಿಲ್ಲ. ಬೆರಳಿನಲ್ಲಿ ಚಿತ್ರ ಸರಿಸುವುದೇ ಬೇರೆ, ಅರ್ಥವಾಗದ ಭಾಷೆಯ ಫಾರಂನಲ್ಲಿ ಜನ್ಮದಿನಾಂಕವನ್ನು ಸರಿಯಾದ ಕ್ರಮದಲ್ಲಿ ತುಂಬಿ, ಪಾಸ್‌ಪೋರ್ಟಿನ ಪುಟವನ್ನು ಹೇಳಿದ ಗಾತ್ರಕ್ಕೆ ಇಳಿಸಿ ಸೇರಿಸುವುದೇ ಬೇರೆ.

ಇದು ನಮಗೆ ದೂರದ ಮಾತಲ್ಲ. 2020ರ ಮೇ ತಿಂಗಳನ್ನು ನೆನೆಯಿರಿ. ಕೊರೊನಾ ಲಾಕ್‌ಡೌನಿನಿಂದ ಬೆಂಗಳೂರಿನಲ್ಲಿ ಕೆಲಸ ನಿಂತು, ಕೂಲಿ ನಿಂತು, ಬಿಹಾರ, ಒಡಿಶಾ, ಜಾರ್ಖಂಡ್, ಉತ್ತರ ಪ್ರದೇಶದ ಲಕ್ಷಾಂತರ ಕಾರ್ಮಿಕರು ಊರಿಗೆ ಹೋಗಲು ಒದ್ದಾಡುತ್ತಿದ್ದರು. ಅವರನ್ನು ಊರಿಗೆ ಒಯ್ಯುವ ಶ್ರಮಿಕ ರೈಲು ಹತ್ತಬೇಕಾದರೆ ರಾಜ್ಯ ಸರ್ಕಾರದ ಸೇವಾ ಸಿಂಧು ಜಾಲತಾಣದಲ್ಲಿ ನೋಂದಾಯಿಸಬೇಕಿತ್ತು. ಗಾರೆ ಕಲಸುವ, ಕಬ್ಬಿಣ ಕಟ್ಟುವ ಕೈಗಳಿಗೆ ಕನ್ನಡವೂ ಇಂಗ್ಲಿಷೂ ಗೊತ್ತಿರಲಿಲ್ಲ. ಶೆಡ್ಡಿಗೆ ಒಂದೆರಡು ಸ್ಮಾರ್ಟ್‌ಫೋನ್, ಕರೆನ್ಸಿ ಹಾಕಿಸಲು ದುಡ್ಡಿಲ್ಲ, ಬಂದ ಒಟಿಪಿ ಯಾರದೆಂದು ತಿಳಿಯದು. ಸ್ವಯಂಸೇವಕರು ಹಗಲು ರಾತ್ರಿ ಕೂತು ಫಾರಂ ತುಂಬಿಕೊಟ್ಟರು. ತುಂಬಿಕೊಡುವವರು ಸಿಗದ ಎಷ್ಟೋ ಮಂದಿ ನಡೆದೇ ಹೊರಟರು. ಈ ಜನರಿಗೆ ಬೇಕಿದ್ದದ್ದು ಪೈಥಾನ್ ತರಗತಿಯಲ್ಲ, ತಮ್ಮದೇ ಫೋನಿನಲ್ಲಿ ತಮ್ಮದೇ ಅರ್ಜಿ ತುಂಬುವ ತಿಳಿವಳಿಕೆ. ಅದನ್ನು ಕಲಿಸಲು ತಿಂಗಳುಗಳು ಬೇಕಾಗಿರಲಿಲ್ಲ. ಮೊದಲೇ ಯಾರೂ ಕಲಿಸಿರಲಿಲ್ಲ, ಅಷ್ಟೆ.

ಸರ್ಕಾರದ ಯೋಜನೆಗಳು ಇರಲಿಲ್ಲವೆಂದಲ್ಲ. ಪ್ರಧಾನಮಂತ್ರಿ ಗ್ರಾಮೀಣ ಡಿಜಿಟಲ್ ಸಾಕ್ಷರತಾ ಅಭಿಯಾನ 2017ರಲ್ಲಿ ಆರಂಭವಾಗಿ 2024ರ ಮಾರ್ಚ್‌ನಲ್ಲಿ ಮುಗಿಯಿತು. ಇಪ್ಪತ್ತು ಗಂಟೆಯ ಉಚಿತ ಪಾಠ, ಕುಟುಂಬಕ್ಕೊಬ್ಬರಿಗೆ ಅವಕಾಶ. ತರಬೇತಿ ಪಡೆದವರು 6 ಕೋಟಿಗೂ ಹೆಚ್ಚು ಎಂದು ಲೆಕ್ಕ. ಹೆಸರೇ ಹೇಳುವಂತೆ ಅದು ಗ್ರಾಮೀಣರಿಗೆ. ಯಾದಗಿರಿ, ರಾಯಚೂರು, ಕಲಬುರಗಿ ಕಡೆಯಿಂದ ಗುಳೆ ಹೊರಟು ಬೆಂಗಳೂರಿನ ಶೆಡ್ಡಿನಲ್ಲೋ ಗೋವಾದ ಕಟ್ಟಡದ ಕೆಳಗೋ ವರ್ಷದ ಎಂಟು ತಿಂಗಳು ಕಳೆಯುವ ಕುಟುಂಬ ಪಾಠ ನಡೆಯುವಾಗ ಊರಿನಲ್ಲಿರುತ್ತಿರಲಿಲ್ಲ, ಇದ್ದ ನಗರದಲ್ಲಿ ಆ ಯೋಜನೆ ಇರಲಿಲ್ಲ. 2021ರ ಆಗಸ್ಟ್‌ನಲ್ಲಿ ಬಂದ ಇ-ಶ್ರಮ್ ಜಾಲತಾಣದಲ್ಲಿ 30 ಕೋಟಿಗೂ ಹೆಚ್ಚು ಅಸಂಘಟಿತ ಕಾರ್ಮಿಕರ ಹೆಸರಿದೆ. ಆ ನೋಂದಣಿಯಲ್ಲಿ ಹೆಚ್ಚಿನವು ಸೇವಾ ಕೇಂದ್ರಗಳಲ್ಲಿ ಇನ್ನೊಬ್ಬರ ಕೈಯಿಂದ ಆದವು. ಹೆಸರು ಸೇರಿತು, ಕಲಿಕೆ ಆಗಲಿಲ್ಲ. ಕಾರ್ಮಿಕ ಕಾರ್ಡಿಗೆ, ಪಡಿತರಕ್ಕೆ, ಮಗುವಿನ ವಿದ್ಯಾರ್ಥಿವೇತನಕ್ಕೆ ಮತ್ತೆ ಸೈಬರ್ ಸೆಂಟರಿನ ಮುಂದೆ ನಿಂತು ಅಲ್ಲಿನವರು ಕೇಳಿದಷ್ಟು ಕೊಡಬೇಕು. ಕೊಡಗಿನ ಕಾಫಿ ತೋಟಗಳಿಗೆ ಅಸ್ಸಾಮಿನಿಂದ ಬರುವ ಕೂಲಿಗಳಿಗೆ ಭಾಷೆಯ ಕಷ್ಟ ಬೇರೆ.

ಭಾರತದಲ್ಲಿರುವ ನಿರಾಶ್ರಿತರ ಸಂಗತಿಗೆ ಬಂದರೆ ಕಾಗದದ ಬೆಲೆ ಇನ್ನೂ ಚೆನ್ನಾಗಿ ಕಾಣುತ್ತದೆ. 1951ರ ನಿರಾಶ್ರಿತರ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ, ನಿರಾಶ್ರಿತರಿಗೆಂದೇ ಕಾನೂನೂ ಇಲ್ಲ. ಹಾಗಾಗಿ ಒಂದೊಂದು ಗುಂಪಿಗೆ ಒಂದೊಂದು ಬಗೆಯ ನಡವಳಿಕೆ. ಮೈಸೂರು ರಾಜ್ಯ 1960ರ ಹೊತ್ತಿಗೆ ಬೈಲಕುಪ್ಪೆಯಲ್ಲಿ, 1966ರಲ್ಲಿ ಮುಂಡಗೋಡದಲ್ಲಿ, ಆಮೇಲೆ ಹುಣಸೂರು, ಕೊಳ್ಳೇಗಾಲದ ಕಡೆ ಟಿಬೆಟಿಯನ್ನರಿಗೆ ನೆಲ ಕೊಟ್ಟಿತು. ಅವರಿಗೆ ನೋಂದಣಿ ಪ್ರಮಾಣಪತ್ರವಿದೆ, ಅದರ ಮೇಲೆ ಬ್ಯಾಂಕ್ ಖಾತೆ, ಸಿಮ್, ಆಧಾರ್ ಸಿಗುತ್ತದೆ, ಶಾಲೆಗಳಿವೆ, ಬಿಡದಿಯ ಬಳಿ ಶೇಷಗಿರಿಹಳ್ಳಿಯಲ್ಲಿ ದಲೈ ಲಾಮಾ ಉನ್ನತ ಶಿಕ್ಷಣ ಸಂಸ್ಥೆಯಿದೆ. ಬೈಲಕುಪ್ಪೆಯ ಹುಡುಗ ಹುಡುಗಿಯರು ಬೆಂಗಳೂರಿನ ಕಾಲ್ ಸೆಂಟರುಗಳಲ್ಲಿ, ಕಂಪನಿಗಳಲ್ಲಿ ದುಡಿಯುವುದು ಈಗ ಸಾಮಾನ್ಯ ನೋಟ. ಅವರಿಗೂ ಪ್ರವಾಸದ ದಾಖಲೆ, ಸರ್ಕಾರಿ ನೌಕರಿಯ ವಿಷಯದಲ್ಲಿ ಕಷ್ಟಗಳಿವೆ. ಆದರೂ ಕಲಿತ ವಿದ್ಯೆ ಅನ್ನಕ್ಕೆ ದಾರಿಯಾಗುವ ಮಟ್ಟಿಗೆ ನೆಲೆ ಸಿಕ್ಕಿತು. ನಮ್ಮ ರಾಜ್ಯ ಇದರ ಬಗ್ಗೆ ಹೆಮ್ಮೆಪಡಬೇಕು.

ಹೈದರಾಬಾದ್, ದೆಹಲಿ, ಹರಿಯಾಣದ ನೂಹ್ ಕಡೆ ಗುಡಿಸಲುಗಳಲ್ಲಿರುವ ರೋಹಿಂಗ್ಯಾಗಳ ಪರಿಸ್ಥಿತಿ ಇದಕ್ಕೆ ತದ್ವಿರುದ್ಧ. ಭಾರತದಲ್ಲಿ ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆಯಲ್ಲಿ ಹೆಸರು ಬರೆಸಿದ ರೋಹಿಂಗ್ಯಾಗಳು 20 ಸಾವಿರಕ್ಕೂ ಹೆಚ್ಚು. ಕೈಯಲ್ಲಿ ಆ ಸಂಸ್ಥೆಯ ಚೀಟಿಯಿದೆ, ಆಧಾರ್ ಇಲ್ಲ. ಆಧಾರ್ ಇಲ್ಲದೆ ಸಿಮ್ಮಿಗೂ ಬ್ಯಾಂಕಿಗೂ ಪರದಾಟ. ಅಲ್ಲಿನ ಹುಡುಗಿಯೊಬ್ಬಳು ಯಾವುದೋ ಸ್ವಯಂಸೇವಾ ಸಂಸ್ಥೆಯಿಂದ ಕಂಪ್ಯೂಟರ್ ಕಲಿತರೂ ಅವಳ ಸಂಬಳ ಹಾಕಲು ಖಾತೆಯಿರುವುದಿಲ್ಲ. ಬೈಲಕುಪ್ಪೆಯ ಹುಡುಗಿಗೂ ಇವಳಿಗೂ ಬುದ್ಧಿಯಲ್ಲಿ, ಶ್ರಮದಲ್ಲಿ ವ್ಯತ್ಯಾಸವಿಲ್ಲ. ವ್ಯತ್ಯಾಸ ಸರ್ಕಾರ ಕೊಟ್ಟ, ಕೊಡದ ಕಾಗದದ್ದು.

ತರಬೇತಿ ಕೊಡುವವರು ಮರೆಯಬಾರದ ಇನ್ನೊಂದು ವಿಷಯ ಮೋಸ. ಥಾಯ್ಲೆಂಡಿನಲ್ಲಿ ಐಟಿ ಕೆಲಸ, ಡೇಟಾ ಎಂಟ್ರಿ ಕೆಲಸ ಎಂದು ನಂಬಿಸಿ ಭಾರತದ ಯುವಕರನ್ನು ಮ್ಯಾನ್ಮಾರ್, ಕಾಂಬೋಡಿಯಾ, ಲಾವೋಸ್‌ಗಳ ಸೈಬರ್ ವಂಚನೆಯ ಅಡ್ಡೆಗಳಿಗೆ ಸಾಗಿಸುವ ಜಾಲದ ಬಗ್ಗೆ ವಿದೇಶಾಂಗ ಸಚಿವಾಲಯ 2022ರ ಸೆಪ್ಟೆಂಬರಿನಲ್ಲೇ ಎಚ್ಚರಿಕೆ ಕೊಟ್ಟಿತ್ತು. 2025ರ ಮಾರ್ಚ್‌ನಲ್ಲಿ ಮ್ಯಾನ್ಮಾರ್ ಗಡಿಯ ಅಡ್ಡೆಗಳಿಂದ ಬಿಡಿಸಿದ 500ಕ್ಕೂ ಹೆಚ್ಚು ಭಾರತೀಯರನ್ನು ವಾಯುಪಡೆಯ ವಿಮಾನಗಳಲ್ಲಿ ಕರೆತರಬೇಕಾಯಿತು. ಬಲೆಗೆ ಬಿದ್ದವರು ಕಂಪ್ಯೂಟರ್ ಬಾರದವರಲ್ಲ, ಬರುವವರು. ಕೀಬೋರ್ಡ್ ಕಲಿಸಿ, ಕೆಲಸದ ಜಾಹೀರಾತನ್ನು ಪರೀಕ್ಷಿಸುವುದು ಹೇಗೆ, ಏಜೆಂಟ್ ನೋಂದಾಯಿತನೇ ಎಂದು ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ನೋಡುವುದು ಹೇಗೆ, ಪಾಸ್‌ಪೋರ್ಟನ್ನು ಯಾರ ಕೈಗೂ ಯಾಕೆ ಕೊಡಬಾರದು ಎಂಬುದನ್ನು ಕಲಿಸದ ತರಬೇತಿ ಅರೆಬರೆ ತರಬೇತಿ. ಮಂಗಳೂರು, ಉಡುಪಿ, ಭಟ್ಕಳದಿಂದ ಕೊಲ್ಲಿ ದೇಶಗಳಿಗೆ ಹೋಗುವವರಿಗೂ ಇದು ಅಷ್ಟೇ ಮುಖ್ಯ.

ಹತ್ತು ವರ್ಷದ ಅನುಭವದಿಂದ ನನಗೆ ತೋರುವ ತೀರ್ಮಾನ ಇಷ್ಟು. ಶುಲ್ಕ ತೆಗೆದುಹಾಕುವುದು ಎಲ್ಲಕ್ಕಿಂತ ಸುಲಭದ ಕೆಲಸ, ಅದಕ್ಕೇ ಎಲ್ಲರೂ ಅದನ್ನು ಮೊದಲು ಮಾಡುತ್ತಾರೆ. ಸಿಮ್, ಖಾತೆ, ದುಡಿಯುವ ಅನುಮತಿಗಾಗಿ ಸರ್ಕಾರದ ಬಾಗಿಲು ಬಡಿಯದ ಸಂಸ್ಥೆ ತನ್ನ ವಿದ್ಯಾರ್ಥಿಯನ್ನು ಅರ್ಧದಾರಿಯಲ್ಲಿ ಬಿಟ್ಟಂತೆ. ಎಷ್ಟು ಪ್ರಮಾಣಪತ್ರ ಹಂಚಿದಿರಿ ಎಂದು ದಾನಿಗಳು ಕೇಳುವುದನ್ನು ನಿಲ್ಲಿಸಲಿ. ವರ್ಷದ ನಂತರ ಕಲಿತವರಲ್ಲಿ ಎಷ್ಟು ಜನ ಆ ವಿದ್ಯೆಯನ್ನು ಬಳಸುತ್ತಿದ್ದಾರೆ, ಮಹಿಳೆಯರು ಎಷ್ಟು, ಕೋರ್ಸ್ ಬಿಟ್ಟವರು ಯಾಕೆ ಬಿಟ್ಟರು ಎಂದು ಕೇಳಲಿ. ಕೋಡಿಂಗ್ ಶಾಲೆಗಳು ಇರಲಿ, ಬೆಳೆಯಲಿ. ಆದರೆ ಬಂದ ಹಣದಲ್ಲಿ ದೊಡ್ಡ ಪಾಲು ಸಾಮಾನ್ಯರ ಪಾಠಕ್ಕೆ, ಅವರದೇ ಭಾಷೆಯಲ್ಲಿ, ಅವರದೇ ಅಗ್ಗದ ಫೋನಿನಲ್ಲಿ ಕಲಿಸುವುದಕ್ಕೆ ಹೋಗಬೇಕು.

ಕರ್ನಾಟಕದಲ್ಲಿ ಇದಕ್ಕೆ ಬೇಕಾದ ಸಾಮಗ್ರಿ ಈಗಾಗಲೇ ಇದೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಅರಿವು ಕೇಂದ್ರಗಳಾಗಿವೆ, ಹಲವು ಕಡೆ ಕಂಪ್ಯೂಟರ್ ಬಂದಿದೆ. ಗುಳೆ ಹೋಗುವ ತಾಲ್ಲೂಕುಗಳಲ್ಲಿ ಜನ ಊರಲ್ಲಿರುವ ಮಳೆಗಾಲದ ತಿಂಗಳುಗಳಲ್ಲೇ ಅಲ್ಲಿ ಸಂಜೆ ಪಾಠ ನಡೆಯಲಿ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿ ದೊಡ್ಡ ನಿರ್ಮಾಣ ತಾಣಗಳಲ್ಲಿ ವಾರಕ್ಕೆ ಎರಡು ಗಂಟೆ ಕಲಿಕೆಗೆ ಜಾಗ ಕೊಡುವಂತೆ ಗುತ್ತಿಗೆದಾರರಿಗೆ ಹೇಳಲಿ, ಆ ಹೊತ್ತಿನ ಕೂಲಿ ಕಡಿಯದಂತೆ ನೋಡಿಕೊಳ್ಳಲಿ. ಹಿಂದಿ, ಒಡಿಯಾ, ಬಂಗಾಳಿ, ಅಸ್ಸಾಮಿ ಬಲ್ಲ ಎಂಜಿನಿಯರುಗಳಿಗೆ ಬೆಂಗಳೂರಿನಲ್ಲಿ ಬರವಿಲ್ಲ. ಆಮ್‌ಸ್ಟರ್‌ಡ್ಯಾಮಿನ ಪ್ರೋಗ್ರಾಮರುಗಳು ಭಾನುವಾರ ಮಾಡುತ್ತಿರುವುದನ್ನು ವೈಟ್‌ಫೀಲ್ಡಿನವರು, ಎಲೆಕ್ಟ್ರಾನಿಕ್ ಸಿಟಿಯವರು ತಮ್ಮ ಕಚೇರಿಯ ಹಿಂದಿನ ಶೆಡ್ಡುಗಳಲ್ಲಿ ಮಾಡಬಹುದು. ಈ ಲೇಖನ ಓದುತ್ತಿರುವ ನಿಮ್ಮಲ್ಲಿ ಯಾರಿಗಾದರೂ ಅಂಥ ಎರಡು ಗಂಟೆ ಬಿಡುವಿದ್ದರೆ, ಹತ್ತಿರದ ಕಾರ್ಮಿಕ ಸಂಘಟನೆಯನ್ನೋ ಗ್ರಂಥಾಲಯವನ್ನೋ ಈ ವಾರವೇ ಹೋಗಿ ಕೇಳಿ. ಒಟಿಪಿಯನ್ನು ಯಾರಿಗೂ ಹೇಳಬಾರದು ಎಂಬ ಪಾಠದಿಂದ ಶುರುಮಾಡಿ.